ಬ್ರೇಕ್ ಹಿಡಿದುಕೊಂಡ ಗಾಲಿ: ಚಪ್ಪಟೆಯಾದದ್ದಕ್ಕೆ ಹೆದರಬೇಕೋ, ಕಾದದ್ದಕ್ಕೆ ಹೆದರಬೇಕೋ?

ರಾತ್ರಿ ರೈಲಿನ ಪ್ರಯಾಣಿಕ (ಪ್ರಶ್ನೆ)

ಕಳೆದ ತಿಂಗಳು ರಾತ್ರಿಯ ರೈಲಿನಲ್ಲಿ ಊರಿಗೆ ಹೊರಟಿದ್ದೆ. ನೀಲಿ ಬಣ್ಣದ ಹಳೆಯ ಮಾದರಿಯ ಸ್ಲೀಪರ್ ಬೋಗಿ. ಶೌಚಾಲಯದ ಪಕ್ಕದ ಮೊದಲ ವಿಭಾಗದಲ್ಲಿ, ಹೆಚ್ಚುಕಡಿಮೆ ಗಾಲಿಗಳ ಮೇಲೆಯೇ, ನನ್ನ ಬರ್ತ್ ಇತ್ತು. ನಡುರಾತ್ರಿಯಲ್ಲಿ ಯಾರೋ ಚೈನ್ ಎಳೆದದ್ದರಿಂದ ರೈಲು ಒಂದು ಸಣ್ಣ ನಿಲ್ದಾಣದ ಹೊರಗೆ ಹತ್ತು ನಿಮಿಷ ನಿಂತು ಮತ್ತೆ ಹೊರಟಿತು. ಹೊರಟ ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ಸುಟ್ಟ ರಬ್ಬರಿನದೂ ಕಾದ ಕಬ್ಬಿಣದ್ದೂ ಬೆರೆತಂತಹ ಘಾಟು ಬರತೊಡಗಿತು. ಮುಂದಿನ ನಿಲ್ದಾಣದಲ್ಲಿ ಇಬ್ಬರು ಸಿಬ್ಬಂದಿ ಟಾರ್ಚ್ ಹಿಡಿದು ಬಂದು, ಬೋಗಿಯ ಕೆಳಗೆ ಏನನ್ನೋ ಎಳೆದಾಗ ಗಾಳಿ ಹೊರಬಿದ್ದ ದೊಡ್ಡ ಸದ್ದಾಯಿತು. ಅವರು ಗಾಲಿಗಳನ್ನು ಒಮ್ಮೆ ನೋಡಿದರು, ರೈಲು ಹೊರಟಿತು. ಅಲ್ಲಿಂದ ಬೆಳಗಿನವರೆಗೆ ನನ್ನ ಬರ್ತಿನ ಕೆಳಗೆ ಒಂದೇ ಲಯದ ಬಡಿತ. ವೇಗ ಹೆಚ್ಚಿದಾಗ ಅದು ಯಂತ್ರದ ಹೊಲಿಗೆಯಂತೆ ಒತ್ತೊತ್ತಾಗಿ ಕೇಳುತ್ತಿತ್ತು. ನಿಲ್ದಾಣ ಹತ್ತಿರವಾದಾಗ ಒಂದೊಂದು ಪೆಟ್ಟನ್ನೂ ಎಣಿಸಬಹುದಿತ್ತು.

ಇಳಿದ ಮೇಲೆ ಬಗ್ಗಿ ನೋಡಿದೆ. ಒಂದು ಗಾಲಿಯಲ್ಲಿ ಹಳಿಗೆ ತಾಗುವ ಭಾಗದ ಒಂದು ಕಡೆ ಎರಡು ಬೆರಳಗಲದಷ್ಟು ಜಾಗ ಕನ್ನಡಿಯಂತೆ ಹೊಳೆಯುತ್ತಿತ್ತು. ಅದರ ಪಕ್ಕದ ಗಾಲಿಯಲ್ಲಿ ಅಂತಹ ಗುರುತೇನೂ ಇರಲಿಲ್ಲ, ಆದರೆ ಅದರ ಅಂಚು ಸುತ್ತಲೂ ನೀಲಿ ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿತ್ತು. ಗುಂಡಗಿರುವ ಉಕ್ಕಿನ ಗಾಲಿ ಬ್ರೇಕಿನಿಂದ ಚಪ್ಪಟೆಯಾಗುವುದು ಹೇಗೆ? ಅಂತಹ ಗಾಲಿಯ ಮೇಲೆ ರಾತ್ರಿಯಿಡೀ ರೈಲು ಓಡಿಸಿದ್ದು ಸರಿಯೇ? ಪಕ್ಕದ ಗಾಲಿ ಮಾತ್ರ ಏಕೆ ಪಾರಾಯಿತು? ತಿಳಿದವರು ವಿವರವಾಗಿ ಹೇಳಬೇಕೆಂದು ಕೋರುತ್ತೇನೆ.

ನಿವೃತ್ತ ಟಿಎಕ್ಸ್‌ಆರ್

ನಾನು ಟಿಎಕ್ಸ್‌ಆರ್, ಅಂದರೆ ಟ್ರೈನ್ ಎಕ್ಸಾಮಿನರ್, ಆಗಿ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಬೋಗಿ ಮತ್ತು ವ್ಯಾಗನ್‌ಗಳ ತಪಾಸಣೆಯ ಕೆಲಸ ಮಾಡಿದವನು. ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ನನ್ನ ಕಳವಳ ಇರುವುದು ಅಲ್ಲಿಯೇ: ಪಕ್ಕದ ಗಾಲಿ ಪಾರಾಗಿಲ್ಲ. ನೀವು ಕಂಡ ಎರಡು ಗಾಲಿಗಳಲ್ಲಿ ನಾನು ಹೆಚ್ಚು ಹೊತ್ತು ನಿಂತು ನೋಡುತ್ತಿದ್ದದ್ದು ಆ ನೀಲಿಗಟ್ಟಿದ ಗಾಲಿಯನ್ನೇ.

ಬ್ರೇಕ್ ಹಿಡಿದುಕೊಳ್ಳುವುದು ಹೇಗೆಂದು ಹೇಳುತ್ತೇನೆ. ರೈಲಿನ ಉದ್ದಕ್ಕೂ ಒಂದು ಬ್ರೇಕ್ ಪೈಪ್ ಇರುತ್ತದೆ, ಅದರಲ್ಲಿ ಚದರ ಸೆಂಟಿಮೀಟರಿಗೆ 5 ಕಿಲೋಗ್ರಾಂ ಒತ್ತಡದ ಗಾಳಿ ಇರುತ್ತದೆ. ಈ ಒತ್ತಡ ಪೂರ್ತಿ ಇರುವವರೆಗೆ ಬ್ರೇಕ್ ಬಿಟ್ಟಿರುತ್ತದೆ, ಒತ್ತಡ ಇಳಿದರೆ ಹಿಡಿಯುತ್ತದೆ. ಪೈಪ್ ತುಂಡಾದರೂ ರೈಲು ನಿಲ್ಲಲಿ ಎಂಬುದಕ್ಕಾಗಿಯೇ ಹೀಗೆ ಮಾಡಿದ್ದಾರೆ. ಪ್ರತಿ ಬೋಗಿಯ ಕೆಳಗಿರುವ ಡಿಸ್ಟ್ರಿಬ್ಯೂಟರ್ ವಾಲ್ವ್, ನಾವು ಡಿ.ವಿ. ಎನ್ನುತ್ತಿದ್ದದ್ದು, 6 ಲೀಟರಿನ ಒಂದು ಪುಟ್ಟ ಕಂಟ್ರೋಲ್ ರಿಸರ್ವಾಯರಿನಲ್ಲಿ ಹಿಡಿದಿಟ್ಟ ಗಾಳಿಯೊಂದಿಗೆ ಪೈಪಿನ ಒತ್ತಡವನ್ನು ಸದಾ ಹೋಲಿಸುತ್ತಿರುತ್ತದೆ. ಪೈಪಿನ ಒತ್ತಡ ಕಡಿಮೆಯಾಯಿತೆಂದು ಕಂಡರೆ ಬೇರೊಂದು ಟ್ಯಾಂಕಿನ ಗಾಳಿಯನ್ನು ಬ್ರೇಕ್ ಸಿಲಿಂಡರಿಗೆ ಬಿಡುತ್ತದೆ, ಪಿಸ್ಟನ್ ಹೊರಬಂದು ಸರಳುಗಳ ಮೂಲಕ ಬ್ಲಾಕುಗಳನ್ನು ಗಾಲಿಗೆ ಒತ್ತುತ್ತದೆ. ಪೂರ್ತಿ ಬ್ರೇಕ್ ಹಾಕಿದಾಗ ಸಿಲಿಂಡರಿನ ಒತ್ತಡ 3.8 ಕಿಲೋಗ್ರಾಮಿಗೆ ಏರುತ್ತದೆ.

ಈ ಹೋಲಿಕೆಯಲ್ಲಿ ತಪ್ಪಾದರೆ ಬ್ರೇಕ್ ಬಿಡುವುದಿಲ್ಲ. ಚೈನ್ ಎಳೆದಾಗ ಆ ಬೋಗಿಯ ತುದಿಯಲ್ಲಿರುವ ವಾಲ್ವ್ ತೆರೆದುಕೊಂಡು ಪೈಪಿನ ಗಾಳಿ ಹೊರಹೋಗುತ್ತದೆ. ಅದನ್ನು ಸರಿಯಾಗಿ ಮೊದಲಿನ ಸ್ಥಿತಿಗೆ ತಿರುಗಿಸದೆ ಬಿಟ್ಟರೆ ಸಣ್ಣ ಸೋರಿಕೆ ಮುಂದುವರಿದು, ಆ ಬೋಗಿಯ ಆಸುಪಾಸಿನಲ್ಲಿ ಒತ್ತಡ ಪೂರ್ತಿ ಏರದೆ, ಬ್ಲಾಕುಗಳು ಗಾಲಿಯನ್ನು ಅರೆಬರೆ ಹಿಡಿದೇ ಉಳಿಯಬಹುದು. ಇನ್ನೊಂದು ಕಾರಣ ಎಂಜಿನ್ ಬದಲಿಸುವಾಗ ಹುಟ್ಟುತ್ತದೆ: ಹಿಂದಿನ ಎಂಜಿನ್ ಪೈಪಿಗೆ 5.2ರಷ್ಟು ಗಾಳಿ ತುಂಬಿದ್ದು, ಹೊಸ ಎಂಜಿನ್ 5 ಮಾತ್ರ ಕೊಟ್ಟರೆ, ಡಿ.ವಿ.ಯ ನೆನಪಿನಲ್ಲಿ 5.2 ಉಳಿದಿರುವುದರಿಂದ ಅದು ಬ್ರೇಕ್ ಹಾಕಿದ್ದಾರೆಂದೇ ತಿಳಿಯುತ್ತದೆ. ಅದಕ್ಕಾಗಿ ಪ್ರತಿ ಬೋಗಿಯ ಕೆಳಗೂ ಒಂದು ಹಿಡಿ ಇದೆ. ಎಳೆದರೆ ಕಂಟ್ರೋಲ್ ರಿಸರ್ವಾಯರಿನ ಹೆಚ್ಚುವರಿ ಗಾಳಿ ಹೋಗಿ ಪಿಸ್ಟನ್ ಒಳಸೇರುತ್ತದೆ. ನೀವು ರಾತ್ರಿ ಕೇಳಿದ ಸದ್ದು ಅದೇ. ಸರಕು ಗಾಡಿಗಳಲ್ಲಿ ಇವುಗಳ ಜೊತೆಗೆ ಬಿಚ್ಚದೆ ಮರೆತ ಹ್ಯಾಂಡ್ ಬ್ರೇಕ್ ಇದೆ, ಖಾಲಿ ವ್ಯಾಗನ್ನಿನಲ್ಲಿ ‘ಲೋಡ್’ ಕಡೆಗೇ ಉಳಿದ ಲಿವರ್ ಇದೆ. 22 ಟನ್ ಚಿಲ್ಲರೆ ತೂಗುವ ಖಾಲಿ ವ್ಯಾಗನ್ನಿಗೆ 80 ಟನ್ನಿನ ತುಂಬಿದ ವ್ಯಾಗನ್ನಿಗೆ ಬೇಕಾದ ಬ್ರೇಕ್ ಬಲ ಬಿದ್ದರೆ ಗಾಲಿ ಉರುಳುವುದನ್ನು ಬಿಟ್ಟು ಜಾರಲೇಬೇಕು.

ಹಿಡಿತ ಮಿತಿಮೀರಿದ ಗಾಲಿ ನಿಂತುಹೋಗಿ ಹಳಿಯ ಮೇಲೆ ಎಳೆದುಕೊಂಡು ಹೋಗುತ್ತದೆ. ಗಾಣದ ಎತ್ತಿನಂತೆ ಸುತ್ತುವುದನ್ನು ಬಿಟ್ಟು ಸಾಣೆಯ ಮೇಲಿಟ್ಟ ಕತ್ತಿಯಂತೆ ಒಂದೇ ಜಾಗ ಸವೆಯುತ್ತದೆ. ನಾವು ಇದನ್ನು ಸ್ಕಿಡ್ ಎನ್ನುತ್ತೇವೆ, ಉಳಿಯುವ ಗುರುತನ್ನು ಫ್ಲಾಟ್ ಟೈರ್ ಎನ್ನುತ್ತೇವೆ. ನಮ್ಮ ಪ್ರಯಾಣಿಕ ಬೋಗಿಗಳಿಗೆ ಇದರ ಉದ್ದದ ಮಿತಿ 50 ಮಿ.ಮೀ., ಸರಕು ವ್ಯಾಗನ್‌ಗಳಿಗೆ 60 ಮಿ.ಮೀ. ನೀವು ಕಂಡ ಎರಡು ಬೆರಳಗಲ ಮಿತಿಯೊಳಗೇ ಇದೆ, ಆದ್ದರಿಂದ ಆ ಸಿಬ್ಬಂದಿ ಅದನ್ನು ನೋಡಿ ರೈಲು ಬಿಟ್ಟದ್ದು ನಿಯಮಕ್ಕೆ ಹೊರತಾದದ್ದಲ್ಲ. ಇದು ಎಷ್ಟು ಆಳದ್ದೆಂದು ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. 915 ಮಿ.ಮೀ. ವ್ಯಾಸದ ಗಾಲಿಯಲ್ಲಿ 50 ಮಿ.ಮೀ. ಉದ್ದದ ಚಪ್ಪಟೆಯ ಆಳ 0.7 ಮಿ.ಮೀ. ಕೂಡ ಇಲ್ಲ. ಇಷ್ಟು ತೆಳ್ಳಗಿನ ಕೊರತೆ ಇಡೀ ಬೋಗಿಯನ್ನು ನಡುಗಿಸುತ್ತದೆ.

ಬಡಿತ ಗಾಲಿಯದೋ ಹಳಿಯ ಜೋಡಣೆಯದೋ ಎಂದು ತಿಳಿಯುವುದು ಸುಲಭ. ಆ ಗಾಲಿಯ ಸುತ್ತಳತೆ ಸುಮಾರು 2.87 ಮೀಟರ್, ಜೋಡಣೆಯ ಹಳಿ ಇರುವಲ್ಲಿ ಒಂದೊಂದು ತುಂಡು 13 ಮೀಟರ್. ಗಂಟೆಗೆ 36 ಕಿ.ಮೀ. ವೇಗದಲ್ಲಿ ಜೋಡಣೆಯ ಸದ್ದು ಸೆಕೆಂಡಿಗೆ ಒಂದಕ್ಕಿಂತ ಕಡಿಮೆ ಬಂದರೆ, ಚಪ್ಪಟೆ ಗಾಲಿ ಮೂರು ನಾಲ್ಕು ಸಲ ಬಡಿಯುತ್ತದೆ. ನೂರರ ವೇಗದಲ್ಲಿ ಅದು ಸೆಕೆಂಡಿಗೆ ಹತ್ತರ ಹತ್ತಿರ, ಅಂದರೆ ನೀವು ಹೇಳಿದ ಹೊಲಿಗೆ ಯಂತ್ರವೇ ಸರಿ. ಎದುರುಬದುರು ಬದಿಯ ಎರಡು ಗಾಲಿಗಳೂ ಒಂದೇ ಅಚ್ಚಿಗೆ ಬಿಗಿದಿರುವುದರಿಂದ ಆಚೆ ಬದಿಯ ಗಾಲಿಯಲ್ಲೂ ಅಷ್ಟೇ ಅಗಲದ ಹೊಳಪು ಇದ್ದಿರಬೇಕು. ನಿಮಗೆ ಕಾಣಿಸಿಲ್ಲ, ಅಷ್ಟೆ.

ಲೋಹವಿಜ್ಞಾನದ ಅಧ್ಯಾಪಕ

ಹಿರಿಯರು ಹೇಳಿದ್ದಕ್ಕೆ ಲೋಹದ ಒಳಗಿನ ಸಂಗತಿಯನ್ನು ಸೇರಿಸುತ್ತೇನೆ. ಗಾಲಿಯ ಗಾಯ ಎಂದರೆ ಸವೆದುಹೋದ ಆ ಮುಕ್ಕಾಲು ಮಿಲಿಮೀಟರಿಗೂ ಕಡಿಮೆ ಲೋಹ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಮುಖ್ಯವಾದ ಗಾಯ ಉಳಿದುಕೊಂಡ ಲೋಹದಲ್ಲಿದೆ.

ಸುಮಾರು 50 ಟನ್ನಿನ ಬೋಗಿಯ ಎಂಟು ಗಾಲಿಗಳಲ್ಲಿ ಒಂದೊಂದರ ಮೇಲೂ ಆರು ಟನ್ನಿನಷ್ಟು ಭಾರ ಇರುತ್ತದೆ ಎಂದುಕೊಳ್ಳಿ. ತಿಕ್ಕಾಟದ ಪ್ರಮಾಣ ಅದರ ಹತ್ತರಲ್ಲಿ ಒಂದು ಪಾಲು ಎಂದು ಹಿಡಿದರೂ, ಗಂಟೆಗೆ 72 ಕಿ.ಮೀ. ವೇಗದಲ್ಲಿ ನಿಂತ ಗಾಲಿ ಜಾರುವಾಗ ಹುಟ್ಟುವ ಶಾಖ ಸುಮಾರು 120 ಕಿಲೋವಾಟ್ ಆಗುತ್ತದೆ. ಮನೆಯ 2 ಕಿಲೋವಾಟಿನ ಅರವತ್ತು ಗೀಸರ್‌ಗಳ ಶಾಖವನ್ನು ಹೆಬ್ಬೆರಳ ಉಗುರಿನಷ್ಟು ಜಾಗಕ್ಕೆ ಸುರಿದಂತೆ ಇದು. ಹಳಿಗೆ ಅದರಲ್ಲಿ ಪಾಲಿದ್ದರೂ ಹಳಿಯ ಕಡೆ ಪ್ರತಿಕ್ಷಣವೂ ಹೊಸ ತಣ್ಣನೆಯ ಜಾಗ ಬರುತ್ತದೆ. ಗಾಲಿಯ ಕಡೆ ಉರಿಯುವುದು ಅದೇ ಜಾಗ. ಕೆಲವೇ ಕ್ಷಣಗಳಲ್ಲಿ ಅಲ್ಲಿನ ಉಕ್ಕು 720 ಡಿಗ್ರಿ ಸೆಲ್ಸಿಯಸ್ಸನ್ನು ದಾಟಿ ತನ್ನ ಒಳರಚನೆಯನ್ನೇ ಬದಲಿಸಿಕೊಳ್ಳುತ್ತದೆ. ಬ್ರೇಕ್ ಬಿಟ್ಟು ಗಾಲಿ ಉರುಳತೊಡಗಿದ ಕೂಡಲೇ, ಸುತ್ತ ಇರುವ ನೂರಾರು ಕಿಲೋ ತಣ್ಣನೆಯ ಉಕ್ಕು ಆ ಶಾಖವನ್ನು ಹೀರಿಬಿಡುತ್ತದೆ. ನಮ್ಮ ಹಳ್ಳಿಯ ಕುಲುಮೆಯಲ್ಲಿ ಕೆಂಪಗೆ ಕಾದ ಕುಡುಗೋಲಿನ ಬಾಯನ್ನು ನೀರಿಗೆ ಅದ್ದಿ ಗಡುಸು ಮಾಡುವುದನ್ನು ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಅಲ್ಲಿ ನೀರು ಮಾಡುವ ಕೆಲಸವನ್ನು ಇಲ್ಲಿ ಗಾಲಿಯ ಮೈಯೇ ಮಾಡುತ್ತದೆ. ಅರ್ಧ ಶೇಕಡಾದ ಆಸುಪಾಸಿನಲ್ಲಿ ಇಂಗಾಲವಿರುವ ಈ ಉಕ್ಕು ಹೀಗೆ ತಣಿದಾಗ ಮಾರ್ಟೆನ್ಸೈಟ್ ಎಂಬ, ಗಾಜಿನಂತೆ ಗಡುಸಾಗಿ ಗಾಜಿನಂತೆಯೇ ಬಿರಿಯುವ ಪದರವಾಗುತ್ತದೆ. ನೀವು ಕಂಡ ಕನ್ನಡಿಯ ಕೆಳಗೆ ಇರುವುದು ಅದೇ. ಅದರ ಮೇಲೆ ಗಾಲಿ ಬಡಿಯುತ್ತಾ ಹೋದಂತೆ ಸಣ್ಣ ಬಿರುಕುಗಳು ಹುಟ್ಟಿ, ಒಂದಕ್ಕೊಂದು ಕೂಡಿಕೊಂಡು, ಕೊನೆಗೆ ಗೋಡೆಯ ಸುಣ್ಣದ ಹಕ್ಕಳೆಯಂತೆ ಲೋಹದ ಚಕ್ಕೆಗಳು ಎದ್ದುಹೋಗುತ್ತವೆ. ಮೊದಲು ಚೂಪಾಗಿದ್ದ ಚಪ್ಪಟೆಯ ಅಂಚುಗಳು ಓಡಾಟದಲ್ಲಿ ಮೊಂಡಾಗುವುದರಿಂದ ಸದ್ದು ಸ್ವಲ್ಪ ಮೆತ್ತಗಾಗುತ್ತದೆ, ಆದರೆ ಆ ಹೊತ್ತಿಗೆ ಹಾಳಾದ ಜಾಗ ಇನ್ನಷ್ಟು ಉದ್ದವಾಗಿರುತ್ತದೆ. ಸದ್ದು ಇಳಿಯಿತೆಂದು ಗಾಲಿ ವಾಸಿಯಾಯಿತೆಂದು ತಿಳಿಯಬಾರದು.

ಇನ್ನು ನೀಲಿಗಟ್ಟಿದ ಗಾಲಿ. ಅದರ ಮೇಲೆ ಬಿದ್ದ ಹಿಡಿತ ಗಾಲಿಯನ್ನು ನಿಲ್ಲಿಸುವಷ್ಟು ಬಲವಾಗಿರಲಿಲ್ಲ, ಆದ್ದರಿಂದ ಬ್ಲಾಕುಗಳು ತಿಕ್ಕುತ್ತಿರುವಂತೆಯೇ ಗಾಲಿ ಉರುಳುತ್ತಾ ಸುತ್ತಲೂ ಕಾದಿದೆ. ಗಾಲಿ ಮಾಡುವಾಗ ಅದನ್ನು ಕಾಯಿಸಿ, ಹಳಿಯ ಮೇಲೆ ಉರುಳುವ ಹೊರಮೈಗೆ ಮಾತ್ರ ನೀರು ಚಿಮುಕಿಸಿ ತಣಿಸುತ್ತಾರೆ. ಹೊರಗಿನ ರಿಮ್ ಮೊದಲು ಗಟ್ಟಿಯಾಗಿ, ಒಳಗಿನ ಭಾಗ ಆಮೇಲೆ ತಣಿದು ಕುಗ್ಗುವಾಗ ರಿಮ್ಮನ್ನು ಒಳಕ್ಕೆ ಅದುಮಿ ಹಿಡಿಯುತ್ತದೆ. ಬೆಂಗಳೂರಿನ ಯಲಹಂಕದಲ್ಲಿ 1984ರಿಂದ ನಡೆಯುತ್ತಿರುವ, ಗ್ರಾಫೈಟ್ ಅಚ್ಚುಗಳಿಗೆ ಕರಗಿದ ಉಕ್ಕನ್ನು ಒತ್ತಡದಿಂದ ಏರಿಸಿ ಗಾಲಿ ಎರಕ ಹೊಯ್ಯುವ ರೈಲು ಗಾಲಿ ಕಾರ್ಖಾನೆಯ ಗಾಲಿಗಳಿಗೂ ಈ ಸಂಸ್ಕಾರ ಆಗಿರುತ್ತದೆ. ಅದುಮಿ ಹಿಡಿದ ಲೋಹದಲ್ಲಿ ಬಿರುಕು ಹುಟ್ಟಿದರೂ ಬಾಯಿ ಬಿಡಲಾರದು. ಗಾಲಿಗೆ ಇರುವ ದೊಡ್ಡ ರಕ್ಷಣೆ ಇದು. ಬ್ರೇಕ್ ಹಿಡಿದುಕೊಂಡು ಬಹಳ ದೂರ ಓಡಿದಾಗ ರಿಮ್ ಕಾದು ಹಿಗ್ಗಲು ನೋಡುತ್ತದೆ, ರಿಮ್ಮಿನ ಒಳಗಿನ ತಣ್ಣನೆಯ ಭಾಗ, ಅಂದರೆ ಗಾಲಿಯ ತಟ್ಟೆ, ಹಿಗ್ಗಲು ಬಿಡುವುದಿಲ್ಲ, ಮೆತ್ತಗಾದ ರಿಮ್ ಅಲ್ಲಿಯೇ ನಲುಗಿ ಹೊಂದಿಕೊಳ್ಳುತ್ತದೆ. ಆಮೇಲೆ ತಣಿಯುವಾಗ ಅದು ಕುಗ್ಗಲು ಹೊರಟರೆ ಜಾಗ ಸಾಲದೆ ಎಳೆತಕ್ಕೆ ಸಿಗುತ್ತದೆ. ಅದುಮಿ ಹಿಡಿದಿದ್ದ ರಿಮ್ ಈಗ ಎಳೆದು ಕಟ್ಟಿದ ತಂತಿಯಾಗಿದೆ. ಅಂತಹ ರಿಮ್ಮಿನಲ್ಲಿ ಒಂದು ಸಣ್ಣ ಶಾಖಬಿರುಕು ಸಾಕು. ಅದು ಒಳಕ್ಕೆ ಓಡಿ ಗಾಲಿಯನ್ನೇ ಸೀಳಬಹುದು. ಈ ಬದಲಾವಣೆಗೆ ಸದ್ದಿಲ್ಲ, ಬಡಿತವಿಲ್ಲ. ಮೇಲಿನ ಬಣ್ಣವೂ ನಂಬಲರ್ಹ ಸಾಕ್ಷಿಯಲ್ಲ, ಏಕೆಂದರೆ ಕೆಲವು ದಿನಗಳ ತುಕ್ಕು ಮತ್ತು ದೂಳು ಅದನ್ನು ಮುಚ್ಚಿಬಿಡುತ್ತವೆ.

ಗಾಲಿ ಒಡೆದರೆ ಏನಾಗುತ್ತದೆ ಎಂಬುದಕ್ಕೆ ದೂರದ ಒಂದು ಉದಾಹರಣೆ ಇದೆ. 2023ರ ಆಗಸ್ಟ್ 10ರಂದು ಸ್ವಿಟ್ಜರ್ಲೆಂಡಿನ 57 ಕಿ.ಮೀ. ಉದ್ದದ ಗೊಟ್ಟಾರ್ಡ್ ತಳಸುರಂಗದಲ್ಲಿ ಸರಕು ರೈಲಿನ ಒಂದು ಗಾಲಿ ತುಂಡಾಗಿ ಗಾಡಿ ಹಳಿ ತಪ್ಪಿತು. ತನಿಖೆ ನಡೆಸಿದವರಿಗೆ ಆ ಗಾಲಿಯ ಚೂರುಗಳಲ್ಲಿ ಕಂಡದ್ದು ಹಿಂದಿನಿಂದಲೇ ಬೆಳೆದು ಬಂದಿದ್ದ ದಣಿವಿನ ಬಿರುಕುಗಳು. ಬ್ರೇಕ್ ಬ್ಲಾಕುಗಳಿಂದ ಗಾಲಿಗೆ ಬೀಳುವ ಶಾಖದ ಹೊರೆಯ ಪ್ರಶ್ನೆ ಆಮೇಲೆ ಯುರೋಪಿನಲ್ಲಿ ಬಲವಾಗಿ ಎದ್ದಿತು. ಸುರಂಗ ಪೂರ್ಣವಾಗಿ ಮತ್ತೆ ತೆರೆದದ್ದು 2024ರ ಸೆಪ್ಟೆಂಬರ್ 2ರಂದು. ಅಲ್ಲಿ ಬ್ರೇಕ್ ಹಿಡಿದುಕೊಂಡಿತ್ತೆಂದು ನಾನು ಹೇಳುತ್ತಿಲ್ಲ; ಒಂದು ಗಾಲಿಯ ಬೆಲೆ ಎಷ್ಟೆಂದು ಹೇಳುತ್ತಿದ್ದೇನೆ.

ಕೆಂಪು ಬೋಗಿಯ ಅಭಿಮಾನಿ

ಈ ತೊಂದರೆ ಐಸಿಎಫ್ ಎಂಬ ಹಳೆಯ ಮಾದರಿಯ ನೀಲಿ ಬೋಗಿಗಳಿಗೆ ಮಾತ್ರ ಸೀಮಿತವಲ್ಲವೇ? ಎಲ್‌ಎಚ್‌ಬಿ ಎಂಬ ಹೊಸ ಮಾದರಿಯ ಕೆಂಪು ಬೋಗಿಗಳಲ್ಲಿ ಬ್ಲಾಕು ಗಾಲಿಗೆ ತಾಗುವುದಿಲ್ಲ, ಅಚ್ಚಿನ ಮೇಲಿರುವ ಡಿಸ್ಕುಗಳನ್ನು ಪ್ಯಾಡುಗಳು ಹಿಡಿಯುತ್ತವೆ. ಗಾಲಿ ಜಾರತೊಡಗಿದರೆ ತಾನಾಗಿ ಬ್ರೇಕ್ ಸಡಿಲಿಸುವ ವ್ಯವಸ್ಥೆಯೂ ಇದೆ. ಎಲ್ಲ ಬೋಗಿಗಳೂ ಎಲ್‌ಎಚ್‌ಬಿ ಆದ ಮೇಲೆ ಈ ಪ್ರಶ್ನೆಯೇ ಉಳಿಯುವುದಿಲ್ಲ ಎಂದು ನನ್ನ ಅನಿಸಿಕೆ.

ನಿವೃತ್ತ ಟಿಎಕ್ಸ್‌ಆರ್

ಅರ್ಧ ಒಪ್ಪುತ್ತೇನೆ. ಗಾಲಿಯ ಮೈ ಕಾಯುವ ತೊಂದರೆ ಡಿಸ್ಕ್ ಬ್ರೇಕಿನಲ್ಲಿ ಬಹುಮಟ್ಟಿಗೆ ತಪ್ಪುತ್ತದೆ, ಆ ಶಾಖವನ್ನು ಡಿಸ್ಕು ತೆಗೆದುಕೊಳ್ಳುತ್ತದೆ. ಆದರೆ ಜಾರುವಿಕೆಯನ್ನು ತಡೆಯುವ ವ್ಯವಸ್ಥೆ ಪ್ರತಿ ಅಚ್ಚಿನ ತುದಿಯಲ್ಲಿರುವ ವೇಗ ಅಳೆಯುವ ಸೆನ್ಸರನ್ನು ನಂಬಿ ಕೆಲಸ ಮಾಡುತ್ತದೆ. ಸೆನ್ಸರ್ ಕೆಟ್ಟಿದ್ದರೆ, ಅದರ ಕೇಬಲ್ ಕಿತ್ತಿದ್ದರೆ, ಗಾಳಿ ಬಿಡುವ ಡಂಪ್ ವಾಲ್ವ್ ಅಂಟಿಕೊಂಡಿದ್ದರೆ, ಆ ಅಚ್ಚು ಹಳೆಯ ಬೋಗಿಯ ಅಚ್ಚಿನಷ್ಟೇ ಅಸಹಾಯಕ. ಎಲ್‌ಎಚ್‌ಬಿ ಗಾಲಿಗಳಲ್ಲಿ ಚಪ್ಪಟೆಯನ್ನು ನಾನೇ ಅಳತೆ ಮಾಡಿದ್ದೇನೆ. ಮೇಲಾಗಿ ಸರಕು ವ್ಯಾಗನ್‌ಗಳಲ್ಲಿ ಇಂದಿಗೂ ಬ್ಲಾಕುಗಳು ಗಾಲಿಯ ಮೈಯನ್ನೇ ಒತ್ತುತ್ತವೆ, ಮತ್ತು ನಮ್ಮ ಹಳಿಗಳ ಮೇಲೆ ಅವು ಓಡುತ್ತಲೇ ಇರುತ್ತವೆ.

ಎಲ್‌ಎಚ್‌ಬಿಯಲ್ಲಿ ನನಗೆ ಹಿಡಿಸಿದ್ದು ಬೋಗಿಯ ಎರಡೂ ಬದಿಗೆ ಇರುವ ಬ್ರೇಕ್ ಸೂಚಕ. ಬ್ರೇಕ್ ಹಿಡಿದಿದ್ದರೆ ಕೆಂಪು, ಬಿಟ್ಟಿದ್ದರೆ ಹಸಿರು. ಹೊರಟ ರೈಲಿನಲ್ಲಿ ಒಂದು ಬೋಗಿ ಮಾತ್ರ ಕೆಂಪು ತೋರಿಸುತ್ತಾ ಹೋದರೆ ಪ್ಲಾಟ್‌ಫಾರ್ಮಿನಲ್ಲಿ ನಿಂತ ಯಾರು ಬೇಕಾದರೂ ಕಂಡುಹಿಡಿಯಬಹುದು.

ಒಂದು ಘಟನೆ ಹೇಳಬೇಕೆನಿಸುತ್ತಿದೆ. ಒಮ್ಮೆ ಖಾಲಿ ವ್ಯಾಗನ್‌ಗಳ ರೇಕ್ ಒಳಬರುವಾಗ ವಾಡಿಕೆಯಂತೆ ಹಳಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ನೋಡುತ್ತಿದ್ದೆ. ಮಧ್ಯದ ಒಂದು ವ್ಯಾಗನ್ನಿನ ಗಾಲಿಗಳು ಉರುಳುತ್ತಲೇ ಇರಲಿಲ್ಲ. ಬಿಸಿಲಿನಲ್ಲಿ ಹಳಿಯ ಮೇಲೆ ಒಂದು ಬೆಳ್ಳಿಗೆರೆ ಹಿಂದೆ ಹಿಂದೆ ಬರುತ್ತಿತ್ತು. ನಿಂತ ಮೇಲೆ ನೋಡಿದರೆ ಹ್ಯಾಂಡ್ ಬ್ರೇಕ್ ಚಕ್ರ ಪೂರ್ತಿ ಬಿಗಿದಿತ್ತು; ಯಾರ್ಡಿನಲ್ಲಿ ನಿಲ್ಲಿಸುವಾಗ ಹಾಕಿ, ಹೊರಡುವಾಗ ಬಿಚ್ಚದೆ ಬಿಟ್ಟಿದ್ದರು. ಗಾಲಿ ಆರಿದ ಬಳಿಕ ಚಪ್ಪಟೆಯ ಮೇಲೆ ಬೆರಳಾಡಿಸಿದೆ. ಮಧ್ಯದಲ್ಲಿ ಎಣ್ಣೆ ಸವರಿದಂತೆ ನುಣುಪು, ಹಿಂದಿನ ಅಂಚಿನಲ್ಲಿ ಕರಗಿ ಒತ್ತರಿಸಿದ ಲೋಹದ ಒಂದು ನಾಲಗೆ, ಅದರ ಬುಡದಲ್ಲಿ ಉಗುರಿಗೆ ಮಾತ್ರ ಸಿಗುವ ಕೂದಲೆಳೆಯ ಬಿರುಕು. ಅರ್ಧ ನಿಮಿಷದ ಮರೆವಿಗೆ ನಾಲ್ಕು ಗಾಲಿಗಳು ಬಲಿಯಾಗಿದ್ದವು.

ರಾತ್ರಿ ರೈಲಿನ ಪ್ರಯಾಣಿಕ

ಇಷ್ಟು ವಿವರವಾಗಿ ಬರೆದ ಹಿರಿಯರಿಬ್ಬರಿಗೂ ಕೃತಜ್ಞತೆಗಳು. ಇನ್ನೆರಡು ಸಂದೇಹಗಳಿವೆ. ಬ್ರೇಕ್ ಹಿಡಿದುಕೊಂಡಿರುವುದು ಎಂಜಿನ್ ಓಡಿಸುವವರಿಗೆ ತಿಳಿಯುವುದಿಲ್ಲವೇ? ನೀಲಿಗಟ್ಟಿದ ಗಾಲಿಯನ್ನು ಲೇತಿನಲ್ಲಿ ಕಡೆದು ಮತ್ತೆ ಬಳಸುತ್ತಾರೆಯೇ?

ಘಟ್ಟದ ಲೋಕೋ ಪೈಲಟ್

ಮೊದಲ ಸಂದೇಹಕ್ಕೆ ನಾನು ಉತ್ತರಿಸುತ್ತೇನೆ. 24 ಬೋಗಿಗಳ ರೈಲಿನಲ್ಲಿ ಬೋಗಿಗಳದೇ 192 ಗಾಲಿಗಳಿರುತ್ತವೆ. ಇಡೀ ರೈಲಿನ ಬ್ರೇಕ್ ಸರಿಯಾಗಿ ಬಿಡದಿದ್ದರೆ ನಮಗೆ ಕೂಡಲೇ ತಿಳಿಯುತ್ತದೆ: ನಾಚ್ (ಎಂಜಿನ್ನಿನ ಶಕ್ತಿಯ ಮೆಟ್ಟಿಲು) ಏರಿಸಿದರೂ ವೇಗ ಹತ್ತುವುದಿಲ್ಲ, ನಾಚ್ ಇಳಿಸಿದರೆ ಬೇಗ ಬೀಳುತ್ತದೆ. ಪೈಪಿನಲ್ಲಿ ಸೋರಿಕೆ ಹೆಚ್ಚಿದ್ದರೆ ಗಾಳಿಯ ಹರಿವು ತೋರಿಸುವ ಮಾಪಕವೂ ಹೇಳುತ್ತದೆ. ಆದರೆ ಹದಿನೆಂಟನೆಯ ಬೋಗಿಯ ಎರಡು ಅಚ್ಚುಗಳು ಹಿಡಿದುಕೊಂಡಿದ್ದರೆ, ಆರು ಸಾವಿರ ಅಶ್ವಶಕ್ತಿಯ ಎಂಜಿನ್ನಿನಲ್ಲಿ ಕುಳಿತವನಿಗೆ ಅದು ಗೊತ್ತಾಗುವುದಿಲ್ಲ. ಅದನ್ನು ಕಾಣಬೇಕಾದವರು ಹಳಿಯ ಪಕ್ಕದವರು. ಪ್ರತಿ ನಿಲ್ದಾಣದಲ್ಲೂ ಹಸಿರು ಬಾವುಟವೋ ಹಸಿರು ದೀಪವೋ ಹಿಡಿದು ನಿಲ್ಲುವವರನ್ನು, ಗೇಟಿನ ಬಳಿ ನಿಂತ ಗೇಟ್‌ಮನ್‌ನನ್ನು ನೀವು ನೋಡಿರುತ್ತೀರಿ. ಅವರು ರೈಲನ್ನು ಬೀಳ್ಕೊಡಲು ನಿಂತವರಲ್ಲ. ಹೊಗೆ, ಕಿಡಿ, ಘಾಟು, ಜೋತುಬಿದ್ದ ಸರಳು, ಇವುಗಳನ್ನು ನೋಡಲು ನಿಂತವರು. ಕಂಡರೆ ಕೆಂಪು ತೋರಿಸುತ್ತಾರೆ. ನಿಮ್ಮ ರೈಲಿನ ವಿಷಯದಲ್ಲಿಯೂ ಇಂಥವರೊಬ್ಬರು ಮುಂದಿನ ನಿಲ್ದಾಣಕ್ಕೆ ಸುದ್ದಿ ಕೊಟ್ಟಿರುವ ಸಂಭವವೇ ಹೆಚ್ಚು. ಈಗ ಕೆಲವು ಕಡೆ ಹಳಿಗೇ ಅಳವಡಿಸಿದ, ಗಾಲಿಯ ಪೆಟ್ಟಿನ ಭಾರವನ್ನು ಅಳೆಯುವ ಯಂತ್ರಗಳೂ ಇವೆ. ಅವು ಚಪ್ಪಟೆಯನ್ನು ಹಿಡಿಯುತ್ತವೆ, ಬಡಿಯದ ನೀಲಿ ಗಾಲಿಯನ್ನು ಹಿಡಿಯುವುದಿಲ್ಲ.

ಘಟ್ಟದಲ್ಲಿ ಇದರ ಗಂಭೀರತೆ ಇನ್ನೂ ಹೆಚ್ಚು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ 55 ಕಿ.ಮೀ. ದಾರಿಯಲ್ಲಿ 57 ಸುರಂಗಗಳಿವೆ, ಇಳಿಜಾರು 50ಕ್ಕೆ 1. ಕ್ಯಾಸಲ್‌ರಾಕಿನಿಂದ ಕುಳೆಂ ಕಡೆಗೆ 37ಕ್ಕೆ 1. ಇಲ್ಲಿ ಇಡೀ ದಾರಿ ಗಾಳಿಯ ಬ್ರೇಕನ್ನೇ ನಂಬಿ ಇಳಿದರೆ ಯಾವ ದೋಷವೂ ಇಲ್ಲದ ಗಾಲಿಗಳೂ ಕಾಯುತ್ತವೆ. ಆದ್ದರಿಂದ ಎಂಜಿನ್ನಿನ ಮೋಟರುಗಳೇ ವೇಗ ತಡೆಯುವ ಡೈನಮಿಕ್ ಬ್ರೇಕಿನಿಂದ ರೈಲನ್ನು ಹಿಡಿದು, ಗಾಳಿಯ ಬ್ರೇಕನ್ನು ಅಗತ್ಯವಿದ್ದಷ್ಟೇ ಹಾಕಿ ಬಿಡುತ್ತಾ ಇಳಿಯುತ್ತೇವೆ. ಮೊದಲೇ ಒಂದು ಬೋಗಿಯ ಬ್ರೇಕ್ ಹಿಡಿದುಕೊಂಡಿದ್ದರೆ ಅದರ ಗಾಲಿಗೆ ಇಡೀ ಘಟ್ಟದಲ್ಲಿ ಒಂದು ಕ್ಷಣದ ಬಿಡುವೂ ಸಿಗುವುದಿಲ್ಲ.

ಪ್ರಯಾಣಿಕರಲ್ಲಿ ನನ್ನ ಕೋರಿಕೆ ಇಷ್ಟೇ. ಬ್ರೇಕ್ ಹಾಕದೆ ಓಡುತ್ತಿರುವಾಗಲೂ ಅಂತಹ ಘಾಟು ನಿಲ್ಲದೆ ಬರುತ್ತಿದ್ದರೆ ಟಿಟಿಇಗೆ ಹೇಳಿ, ಅವರು ಸಿಗದಿದ್ದರೆ 139ಕ್ಕೆ ಕರೆಮಾಡಿ ಬೋಗಿಯ ಸಂಖ್ಯೆ ಕೊಡಿ. ಬರಿ ಘಾಟು ಬಂತೆಂದು ಚೈನ್ ಎಳೆಯಬೇಡಿ. ಹೊಗೆ ಅಥವಾ ಬೆಂಕಿ ಕಂಡರೆ ಎಳೆಯಲು ಹಿಂಜರಿಯಬೇಡಿ.

ಲೋಹವಿಜ್ಞಾನದ ಅಧ್ಯಾಪಕ

ಲೇತಿನ ವಿಷಯ. ಚಪ್ಪಟೆಯಾದ ಗಾಲಿಯನ್ನು ಕಡೆದು ಸರಿಮಾಡಬಹುದು, ಆದರೆ ಚಪ್ಪಟೆಯ ಆಳದಷ್ಟೇ ಕಡೆದರೆ ಸಾಲದು. ಅದರ ಕೆಳಗಿನ ಮಾರ್ಟೆನ್ಸೈಟ್ ಪದರವೂ ಬಿರುಕುಗಳ ಬೇರೂ ಪೂರ್ತಿ ಹೋಗಬೇಕು. ಅದನ್ನು ಅರ್ಧ ಉಳಿಸಿದರೆ ನೋಡಲು ಗುಂಡಗೆ ಕಾಣುವ ಗಾಲಿಯಲ್ಲಿ ಅದೇ ಜಾಗ ಮತ್ತೆ ಚಕ್ಕೆಯೇಳುತ್ತದೆ. ಕಾದ ರಿಮ್ಮಿನ ಎಳೆತವನ್ನಂತೂ ಲೇತು ತೆಗೆಯಲಾರದು.

ನಿವೃತ್ತ ಟಿಎಕ್ಸ್‌ಆರ್

ಒಂದು ಗಾಲಿಯನ್ನು ಕಡೆದರೆ ಅದೇ ಅಚ್ಚಿನ ಇನ್ನೊಂದನ್ನೂ ಕಡೆಯಲೇಬೇಕು, ಎರಡರ ವ್ಯಾಸದಲ್ಲಿ 0.5 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರುವಂತಿಲ್ಲ. ಒಂದೇ ಟ್ರಾಲಿಯ (ಬೋಗಿಯ ಒಂದೊಂದು ತುದಿಯ ಕೆಳಗೆ ಎರಡು ಅಚ್ಚುಗಳನ್ನು ಹಿಡಿದಿರುವ ಚೌಕಟ್ಟಿನ) ಅಚ್ಚುಗಳ ನಡುವೆ 5 ಮಿ.ಮೀ., ಒಂದೇ ಬೋಗಿಯಲ್ಲಿ 13 ಮಿ.ಮೀ. ಹೀಗಾಗಿ ಒಂದು ಜೋಡಿಯ ಚಪ್ಪಟೆ ಉಳಿದ ಒಳ್ಳೆಯ ಗಾಲಿಗಳ ಆಯುಷ್ಯವನ್ನೂ ಕಡೆದುಹಾಕುತ್ತದೆ.

ನೀಲಿಗಟ್ಟಿದ ಗಾಲಿ ನನ್ನ ಕೈಗೆ ಬಂದಾಗ ನಾನು ಮೊದಲು ಮಾಡುತ್ತಿದ್ದದ್ದು ಒಂದು ಅಳತೆ. ಒಂದೇ ಅಚ್ಚಿನ ಎರಡು ಗಾಲಿಗಳ ಒಳಮುಖಗಳ ನಡುವಿನ ದೂರ ನಮ್ಮ ಅಗಲ ಹಳಿಗೆ 1600 ಮಿ.ಮೀ. ಇರಬೇಕು, 2 ಮಿ.ಮೀ. ಹೆಚ್ಚಿರಬಹುದು, 1 ಮಿ.ಮೀ. ಕಡಿಮೆ ಇರಬಹುದು, ಅದಕ್ಕಿಂತ ಆಚೀಚೆ ಸಲ್ಲದು. ಇದನ್ನು ಗಾಲಿಯ ಸುತ್ತ ಮೂರು ಕಡೆ ಅಳೆಯಬೇಕು. ಮಿತಿಮೀರಿ ಕಾದ ಗಾಲಿಯ ತಟ್ಟೆ ಬಾಗುವುದರಿಂದ ಅಳತೆ ಮೊದಲು ಅಲ್ಲಿ ಕೆಡುತ್ತದೆ. ಅದು ಕೆಟ್ಟಿದ್ದರೆ ಮತ್ತೆ ಯೋಚಿಸುವುದಿಲ್ಲ, ಗಾಲಿಜೋಡಿಯನ್ನು ಟ್ರಾಲಿಯಿಂದ ಇಳಿಸಿ ವರ್ಕ್‌ಶಾಪಿಗೆ ಕಳಿಸುತ್ತೇವೆ. ಅಳತೆ ಸರಿಯಿದ್ದರೂ ಬೇರಿಂಗಿನ ಗ್ರೀಸ್ ಕರಗಿ ಹೊರಬಂದಿದೆಯೇ ಎಂದು ನೋಡಿ, ಅಂಚನ್ನು ವೈರ್ ಬ್ರಷ್ಷಿನಿಂದ ಉಜ್ಜಿ, ಅಡ್ಡಬಿರುಕುಗಳಿವೆಯೇ ಎಂದು ಸುತ್ತಲೂ ಟಾರ್ಚ್ ಹಾಯಿಸಿ ಹುಡುಕುತ್ತೇವೆ. ನಿಮ್ಮ ಬೋಗಿಯ ಸಂಖ್ಯೆ ಟಿಕೆಟಿನಲ್ಲಿರುವ ಎಸ್-3, ಎಸ್-4 ಅಲ್ಲ. ಬೋಗಿಯ ಹೊರಬದಿಯಲ್ಲಿ ಬರೆದಿರುವ ಉದ್ದ ಸಂಖ್ಯೆ. ಅದು ನಿಮ್ಮ ಬಳಿ ಇದ್ದರೆ, ದಿನಾಂಕದೊಂದಿಗೆ, ಯಾವ ಬದಿಯ ಎಷ್ಟನೆಯ ಗಾಲಿ ನೀಲಿಯಾಗಿತ್ತು ಎಂದು ಇಂದೇ ರೈಲ್ವೆಗೆ ಬರೆದು ಕಳುಹಿಸಿ. ತಿಂಗಳಾಗಿದೆ, ಬಣ್ಣ ಮಾಸಿರುತ್ತದೆ. ಆ ಗಾಲಿಯನ್ನು ಹುಡುಕುವವರಿಗೆ ನಿಮ್ಮ ಆ ಒಂದು ಸಾಲು ಬೇಕು.